ಟ್ರ್ಯಾಕ್‌ಗೆ ಹೋಗುವ ಕಾರಿನ ಬ್ರೇಕ್ ಡಿಸ್ಕ್: ಬದಲಾಯಿಸುವ ಸಮಯ ಬಂತಾ ಅಂತ ನೋಡುವುದು ಹೇಗೆ

ಕಳೆದ ವರ್ಷ ಚೆನ್ನೈ ಹತ್ತಿರದ ಇರುಂಗಟ್ಟುಕೋಟೆ ರೇಸ್ ಟ್ರ್ಯಾಕ್‌ನಲ್ಲಿ ಮೂರನೇ ಸೆಷನ್ ಮುಗಿಸಿ, ಕಾರು ನಿಲ್ಲಿಸುವ ಪ್ಯಾಡಾಕ್‌ಗೆ ಬಂದೆ. ಊಟದ ಹೊತ್ತು. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು. ಪೆಡಲ್ ಗಟ್ಟಿ ಇತ್ತು, ಸ್ಟೀರಿಂಗ್ ನಡುಗಿರಲಿಲ್ಲ. ಎರಡು ದಿನ ಮುಂಚೆ ಬೆಂಗಳೂರಿನಲ್ಲಿ ಅಳೆದಾಗ ಮುಂದಿನ ಚಕ್ರದ ಡಿಸ್ಕ್ (ಬ್ರೇಕ್ ಪ್ಯಾಡ್‌ಗಳು ಎರಡೂ ಕಡೆಯಿಂದ ಅದುಮಿ ಹಿಡಿಯುವ ಕಬ್ಬಿಣದ ತಟ್ಟೆ) 20.7 ಮಿ.ಮೀ. ದಪ್ಪ ಇತ್ತು. ಕನಿಷ್ಠ ಮಿತಿ 20. ಈ ದಿನ ಆರಾಮಾಗಿ ದಾಟುತ್ತೇನೆ ಅಂದುಕೊಂಡಿದ್ದೆ.

ಜೊತೆಗೆ ಬಂದಿದ್ದ ಹಿರಿಯ ಮೆಕ್ಯಾನಿಕ್ ಚಕ್ರ ಬಿಚ್ಚಿ, ಮೊಬೈಲ್ ಟಾರ್ಚ್ ಹಿಡಿದು, ಕತ್ತು ಬಗ್ಗಿಸಿ ಡಿಸ್ಕ್‌ನ ಒಳಮುಖ ನೋಡಿದರು. "ಸಾರ್, ಡಿಸ್ಕ್ ಆರಿದೆ. ಇಲ್ಲಿ ಉಗುರು ಓಡಿಸಿ ನೋಡಿ" ಅಂದರು. ಕೂದಲೆಳೆಯಷ್ಟು ತೆಳ್ಳಗಿನ ಗೆರೆ. ಉಗುರು ಟಕ್ ಅಂತ ಅಲ್ಲಿ ನಿಂತಿತು. ಗೆರೆ ಹೊರ ಅಂಚಿನವರೆಗೆ ಹೋಗಿ, ಅಂಚಿನ ಮೇಲೂ ಒಂದಿಷ್ಟು ಇಳಿದಿತ್ತು. "ಇವತ್ತಿಗೆ ಸಾಕು. ಇದನ್ನ ಇಟ್ಕೊಂಡು ಊರಿಗೂ ಹೋಗೋದು ಬೇಡ ಸಾರ್." ಅದೇ ಕಾರು ಇದ್ದ ಸ್ನೇಹಿತರೊಬ್ಬರ ಹತ್ತಿರ ಒಂದು ಜೋಡಿ ಡಿಸ್ಕ್ ಸ್ಪೇರ್ ಇತ್ತು. ಅದನ್ನು ಹಾಕಿಕೊಂಡು ಮುನ್ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿಕೊಂಡು ಮನೆಗೆ ಬಂದೆ.

ಅವತ್ತಿನಿಂದ ನಾನು ಡಿಸ್ಕ್ ನೋಡುವ ರೀತಿಯೇ ಬದಲಾಯಿತು. ಊರಲ್ಲಿ ಓಡುವ ಕಾರಿನ ಡಿಸ್ಕ್ ನಿಧಾನವಾಗಿ ಸವೆದು ತೆಳುವಾಗುತ್ತದೆ. ಟ್ರ್ಯಾಕ್ ಕಾರಿನ ಡಿಸ್ಕ್ ಅಷ್ಟು ಸವೆಯುವ ಮೊದಲೇ ಬೆಂದು ಹೋಗುತ್ತದೆ. ದಪ್ಪ ಇನ್ನೂ ಇದೆ ಅನ್ನುವುದು ಅರ್ಧ ಉತ್ತರ ಅಷ್ಟೆ.

ಎಷ್ಟು ಬೇಯುತ್ತದೆ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಡ್ರೈವರ್ ಸೇರಿ 1200 ಕೆ.ಜಿ. ತೂಗುವ ಕಾರು ಗಂಟೆಗೆ 160 ಕಿ.ಮೀ. ವೇಗದಿಂದ 80ಕ್ಕೆ ಇಳಿಯಿತು ಅನ್ನಿ. ಸುಮಾರು 890 ಕಿಲೋಜೂಲ್ ಶಕ್ತಿ ಶಾಖವಾಗಬೇಕು. ಹೆಚ್ಚೂಕಡಿಮೆ ಮೂರು ಲೀಟರ್ ತಣ್ಣೀರು ಕುದಿ ಬರುವಷ್ಟು ಶಾಖ ಅದು, ಅದೂ ಮೂರ್ನಾಲ್ಕು ಸೆಕೆಂಡಿನಲ್ಲಿ. ಇದರಲ್ಲಿ ಸುಮಾರು ಶೇಕಡಾ 70 ಭಾಗ ಮುಂದಿನ ಎರಡು ಡಿಸ್ಕ್‌ಗಳ ಪಾಲು. ಒಂದೊಂದು ಡಿಸ್ಕ್ 6 ಕೆ.ಜಿ. ಇದ್ದರೆ, ಒಂದೇ ಬ್ರೇಕಿಂಗ್‌ಗೆ ಅದರ ಬಿಸಿ ನೂರು ಡಿಗ್ರಿಯಷ್ಟು ಏರುತ್ತದೆ. ಅದು ತಣ್ಣಗಾಗುವ ಮೊದಲೇ ಮುಂದಿನ ತಿರುವು ಬರುತ್ತದೆ. ಒಂದು ಸುತ್ತಿನಲ್ಲಿ ಇಂಥ ನಾಲ್ಕೈದು ಜಾಗ, ಒಂದು ಸೆಷನ್‌ನಲ್ಲಿ ಏಳೆಂಟು ಸುತ್ತು. ಡಿಸ್ಕ್ ತೆಳುವಾದಷ್ಟೂ ಶಾಖ ಹಿಡಿದಿಟ್ಟುಕೊಳ್ಳುವ ಕಬ್ಬಿಣ ಕಡಿಮೆ, ಹಾಗಾಗಿ ಬಿಸಿ ಇನ್ನೂ ಬೇಗ ಏರುತ್ತದೆ.

ಯಾವಾಗ ನೋಡಬೇಕು, ಏನೇನು ಬೇಕು

ಟ್ರ್ಯಾಕ್‌ಗೆ ಹೊರಡುವ ವಾರಕ್ಕೆ ಮೊದಲು ಒಮ್ಮೆ ಪೂರ್ತಿ ತಪಾಸಣೆ ಮಾಡಿ. ಹಿಂದಿನ ದಿನ ನೋಡಿದರೆ ಡಿಸ್ಕ್ ತರಿಸುವುದಕ್ಕೆ ಟೈಮ್ ಇರುವುದಿಲ್ಲ. ಅಲ್ಲಿ ಪ್ರತಿ ಸೆಷನ್ ಆದಮೇಲೆ ಒಂದು ಕಣ್ಣೋಟ. ವಾಪಸ್ ಹೊರಡುವ ಮುಂಚೆ ಮತ್ತೊಮ್ಮೆ ಚಕ್ರ ಬಿಚ್ಚಿ ನೋಡುವುದು. ಈ ಕೊನೆಯದನ್ನು ತುಂಬಾ ಜನ ಬಿಡುತ್ತಾರೆ. ಸುಸ್ತಾಗಿರುತ್ತದೆ, ಸಂಜೆಯಾಗಿರುತ್ತದೆ, ನಿಜ. ಆದರೆ ಇಡೀ ದಿನ ಕಾದು ಆರಿದ ಡಿಸ್ಕ್ ಮೇಲೆಯೇ ಅಲ್ವಾ ಹೈವೇನಲ್ಲಿ ಲಾರಿಗಳ ಮಧ್ಯೆ ಮನೆಗೆ ಬರುವುದು?

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಜಾಕ್, ಗಟ್ಟಿಯಾದ ಸ್ಟ್ಯಾಂಡ್, ಟಾರ್ಕ್ ರೆಂಚ್, ಟಾರ್ಚ್, ವೈರ್ ಬ್ರಷ್, ಬ್ರೇಕ್ ಕ್ಲೀನರ್. ಅಳತೆಗೆ 0ಯಿಂದ 25 ಮಿ.ಮೀ.ವರೆಗಿನ ಮೈಕ್ರೋಮೀಟರ್ ಇದ್ದರೆ ತುಂಬಾ ಒಳ್ಳೆಯದು. ಡಿಸ್ಕ್ ಅದಕ್ಕಿಂತ ದಪ್ಪವಾಗಿದ್ದರೆ 25ರಿಂದ 50ರದ್ದು ತೆಗೆದುಕೊಳ್ಳಿ. ಮ್ಯಾಗ್ನೆಟ್ ಸ್ಟ್ಯಾಂಡ್ ಇರುವ ಡಯಲ್ ಗೇಜ್ ಇದ್ದರೆ ನಡುಗುವಿಕೆಯ ಮೂಲ ಹುಡುಕಬಹುದು. ಜೊತೆಗೆ ಒಂದು ಚಿಕ್ಕ ನೋಟ್‌ಬುಕ್. ನನ್ನ ಮಟ್ಟಿಗೆ ಇಷ್ಟರಲ್ಲಿ ಅತಿ ಮುಖ್ಯವಾದದ್ದು ಆ ನೋಟ್‌ಬುಕ್.

ದಪ್ಪ ಅಳೆಯುವುದು

ಮೊದಲು ಕನಿಷ್ಠ ದಪ್ಪ ಎಷ್ಟು ಅಂತ ತಿಳಿದುಕೊಳ್ಳಿ. ಸಾಮಾನ್ಯವಾಗಿ ಡಿಸ್ಕ್‌ನ ಅಂಚಿನ ಮೇಲೆ ಅಥವಾ ನಡುವಿನ ಟೋಪಿಯಂಥ ಭಾಗದ ಮೇಲೆ ಅಚ್ಚು ಹಾಕಿರುತ್ತಾರೆ. ತುಕ್ಕು ಮುಚ್ಚಿಕೊಂಡಿದ್ದರೆ ವೈರ್ ಬ್ರಷ್‌ನಿಂದ ಉಜ್ಜಿ. 'ಮಿನ್' ಅನ್ನುವ ಅಕ್ಷರಗಳ ಪಕ್ಕದಲ್ಲಿರುವ ಸಂಖ್ಯೆ ಅದು. ಅಳಿಸಿ ಹೋಗಿದ್ದರೆ ಕಾರಿನ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಗಾಳಿ ಕಿಂಡಿ ಇರುವ ಡಿಸ್ಕ್‌ಗಳಲ್ಲಿ ಹೊಸ ದಪ್ಪಕ್ಕೂ ಕನಿಷ್ಠ ದಪ್ಪಕ್ಕೂ 2ರಿಂದ 3 ಮಿ.ಮೀ. ವ್ಯತ್ಯಾಸ ಇರುವುದು ಮಾಮೂಲು. ಹಾಗಂತ ಅಂದಾಜಿನ ಮೇಲೆ ಹೋಗಬೇಡಿ, ನಿಮ್ಮ ಡಿಸ್ಕ್‌ನ ಸಂಖ್ಯೆಯನ್ನೇ ಹುಡುಕಿ.

ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಪ್ಯಾಡ್ ಉಜ್ಜುವ ಜಾಗ ಸವೆಯುತ್ತದೆ, ತೀರಾ ಹೊರ ಅಂಚು ಸವೆಯದೆ ಏಣಿನಂತೆ ಎದ್ದು ನಿಲ್ಲುತ್ತದೆ. ವರ್ನಿಯರ್‌ನ ದವಡೆ ಆ ಏಣಿನ ಮೇಲೆ ಕೂತರೆ ಹೊಸ ಡಿಸ್ಕ್‌ನಷ್ಟೇ ದಪ್ಪ ತೋರಿಸುತ್ತದೆ. ಮೈಕ್ರೋಮೀಟರ್ ಆದರೆ ಅಂಚಿನಿಂದ 10–12 ಮಿ.ಮೀ. ಒಳಗೆ ಹಿಡಿದು ಅಳೆಯಬಹುದು. ವರ್ನಿಯರ್ ಒಂದೇ ಇದ್ದರೆ ಎರಡು ನಾಣ್ಯದ ಉಪಾಯ ಮಾಡಿ. ಒಂದೇ ಥರದ ಎರಡು ನಾಣ್ಯಗಳನ್ನು ಜೋಡಿಸಿ ಮೊದಲು ಅವುಗಳ ದಪ್ಪ ಅಳೆದುಕೊಳ್ಳಿ. ಆಮೇಲೆ ಡಿಸ್ಕ್‌ನ ಎರಡೂ ಕಡೆ ಒಂದೊಂದು ನಾಣ್ಯ ಇಟ್ಟು, ನಾಣ್ಯಗಳ ಮೇಲೆ ವರ್ನಿಯರ್ ಹಿಡಿಯಿರಿ. ಬಂದ ಅಳತೆಯಲ್ಲಿ ನಾಣ್ಯಗಳ ದಪ್ಪ ಕಳೆದರೆ ಡಿಸ್ಕ್‌ನ ನಿಜವಾದ ದಪ್ಪ ಸಿಗುತ್ತದೆ. ಹತ್ತನೇ ಒಂದು ಮಿಲಿಮೀಟರ್ ಮಟ್ಟಕ್ಕೆ ಇದು ಸಾಕು.

ಒಂದೇ ಕಡೆ ಅಳೆದು ಬಿಡಬೇಡಿ. ಡಿಸ್ಕ್ ತಿರುಗಿಸುತ್ತಾ ಸಮ ದೂರದ ಎಂಟು ಜಾಗದಲ್ಲಿ ಅಳೆಯಿರಿ. ಎಂಟರಲ್ಲಿ ಅತಿ ಕಡಿಮೆ ಬಂದದ್ದೇ ನಿಮ್ಮ ಡಿಸ್ಕ್‌ನ ದಪ್ಪ, ಸರಾಸರಿ ತೆಗೆಯುವ ಹಾಗಿಲ್ಲ. ಮೇಲ್ಮೈಯಲ್ಲಿ ಗ್ರಾಮಫೋನ್ ತಟ್ಟೆಯಂತೆ ಆಳವಾದ ಗೀರುಗಳಿದ್ದರೆ ಮಾಮೂಲಿ ಮೈಕ್ರೋಮೀಟರ್ ಗೀರುಗಳ ದಿಬ್ಬದ ಮೇಲೆ ಕೂರುತ್ತದೆ. ತಳ ಇನ್ನೂ ತೆಳುವಾಗಿರುತ್ತದೆ ಅನ್ನುವುದು ಗಮನದಲ್ಲಿರಲಿ.

ದಪ್ಪ ಡಿಸ್ಕ್ ಮೇಲಿನ ಕನಿಷ್ಠ ಸಂಖ್ಯೆಗೆ ಇಳಿಯುವ ತನಕ ಟ್ರ್ಯಾಕ್‌ನಲ್ಲಿ ಓಡಿಸುತ್ತಾ ಹೋಗಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹೊಸದು 22, ಕನಿಷ್ಠ 20 ಇದ್ದರೆ, ನಾನು 20.6ರ ಆಸುಪಾಸಿನಲ್ಲೇ ಟ್ರ್ಯಾಕ್‌ನಿಂದ ಇಳಿಸುತ್ತೇನೆ. ದಿನ ಶುರುವಾಗುವಾಗ ಮಿತಿಯ ಮೇಲಿದ್ದ ಡಿಸ್ಕ್ ಸಂಜೆ ಮಿತಿಯ ಕೆಳಗೆ ಹೋಗಬಾರದು. ನೋಟ್‌ಬುಕ್ ಬೇಕಾಗುವುದು ಇದಕ್ಕೇ. ಹೋಗುವಾಗ ಎಷ್ಟಿತ್ತು, ಬಂದಮೇಲೆ ಎಷ್ಟಾಯಿತು, ಯಾವ ಪ್ಯಾಡ್, ಎಷ್ಟು ಸೆಷನ್ ಅಂತ ಬರೆದಿಡಿ. ಮೂರು ಸಲ ಬರೆದರೆ ನಿಮ್ಮ ಕಾರು ಒಂದು ದಿನಕ್ಕೆ ಎಷ್ಟು ತಿನ್ನುತ್ತದೆ ಅಂತ ಗೊತ್ತಾಗುತ್ತದೆ. ಬೇರೆಯವರ ಲೆಕ್ಕ ನಿಮಗೆ ಆಗುವುದಿಲ್ಲ. ಗಟ್ಟಿ ರೇಸಿಂಗ್ ಪ್ಯಾಡ್ ಹಾಕಿಕೊಂಡು ತಣ್ಣಗಿದ್ದಾಗಲೂ ಊರಲ್ಲಿ ಓಡಿಸುವವರ ಡಿಸ್ಕ್ ಬೇರೆ ಥರವೇ ಸವೆಯುತ್ತದೆ.

ಬಿರುಕು ನೋಡುವುದು

ಇದಕ್ಕೆ ಜಾಸ್ತಿ ಟೈಮ್ ಕೊಡಿ. ಡಿಸ್ಕ್ ಪೂರ್ತಿ ತಣ್ಣಗಾಗಿರಬೇಕು. ನೀರು ಮಾತ್ರ ಎರಚಬೇಡಿ, ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಇಲ್ಲದ ಬಿರುಕೂ ಹುಟ್ಟುತ್ತದೆ. ಬ್ರೇಕ್ ಕ್ಲೀನರ್ ಹೊಡೆದು, ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಎದುರಿಗೆ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಓರೆ ಬೆಳಕಿನಲ್ಲಿ ಗೆರೆಗಳು ನೆರಳು ಬಿದ್ದು ಎದ್ದು ಕಾಣುತ್ತವೆ.

ಬಿರುಕು ಯಾಕೆ ಬರುತ್ತದೆ ಅಂತ ತಿಳಿದಿದ್ದರೆ ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ. ಬ್ರೇಕ್ ಒತ್ತಿದಾಗ ಮೇಲ್ಪದರ ತಟ್ಟನೆ ಕಾದು ಹಿಗ್ಗಲು ನೋಡುತ್ತದೆ. ಒಳಗಿನ ಕಬ್ಬಿಣ ಇನ್ನೂ ತಣ್ಣಗಿರುವುದರಿಂದ ಹಿಗ್ಗಲು ಬಿಡುವುದಿಲ್ಲ. ಮೇಲ್ಪದರ ಅಲ್ಲೇ ಅದುಮಿಕೊಳ್ಳುತ್ತದೆ. ತಣ್ಣಗಾಗುವಾಗ ಅದೇ ಪದರ ಕುಗ್ಗಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ನೂರಾರು ಸಲ ಹೀಗಾದಾಗ ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಸಣ್ಣ ಗೆರೆಗಳ ಬಲೆ ಮೂಡುತ್ತದೆ.

ಆ ಬಲೆ ಬರೀ ಮೇಲ್ಮೈ ಮೇಲೆ ಇದ್ದರೆ, ಉಗುರು ಸಲೀಸಾಗಿ ಜಾರಿ ಹೋದರೆ, ಗಾಬರಿ ಬೇಡ. ಟ್ರ್ಯಾಕ್ ಕಾರಿನಲ್ಲಿ ಅದು ಸಹಜ. ಫೋಟೋ ತೆಗೆದು ದಿನಾಂಕ ಬರೆದಿಟ್ಟು, ಮುಂದಿನ ಸಲ ಹೋಲಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಆ ಡಿಸ್ಕ್‌ನ ಟ್ರ್ಯಾಕ್ ಓಟ ಅಲ್ಲಿಗೆ ಮುಗಿಯಿತು ಅಂತಲೇ ನಾನು ತಗೊಳ್ಳುತ್ತೇನೆ. ಬಿರುಕು ಹೊರ ಅಂಚನ್ನೋ ಒಳ ಅಂಚನ್ನೋ ಮುಟ್ಟಿದ್ದರೆ, ಅಥವಾ ಮೇಲ್ಮೈ ದಾಟಿ ಗಾಳಿ ಕಿಂಡಿಯೊಳಗೆ ಇಳಿದಿದ್ದರೆ, ದಪ್ಪ ಎಷ್ಟೇ ಇರಲಿ, ರಸ್ತೆಗೂ ಬೇಡ. ಅಂಚು ಮುಟ್ಟಿದ ಬಿರುಕು ಬಾಯಿ ಬಿಡುವುದಕ್ಕೆ ಒಂದೇ ಒಂದು ಜೋರಾದ ಬ್ರೇಕಿಂಗ್ ಸಾಕಾಗಬಹುದು.

ತೂತು ಕೊರೆದ ಡಿಸ್ಕ್ ಇದ್ದರೆ ಪ್ರತಿ ತೂತಿನ ಸುತ್ತ ನೋಡಿ. ತೂತಿನ ಬಾಯಿಂದಲೇ ಬಿರುಕು ಹೊರಡುತ್ತದೆ. ಒಂದು ತೂತಿನಿಂದ ಇನ್ನೊಂದಕ್ಕೆ ಗೆರೆ ಸೇರಿದ್ದರೆ ತಕ್ಷಣ ಬದಲಾಯಿಸಿ. ನನ್ನನ್ನು ಕೇಳಿದರೆ ಟ್ರ್ಯಾಕ್‌ಗೆ ತೂತಿನ ಡಿಸ್ಕ್ ಬೇಡವೇ ಬೇಡ. ಸಾದಾ ಡಿಸ್ಕ್ ಅಥವಾ ಗೆರೆ ಕೊರೆದದ್ದು ಹೆಚ್ಚು ತಾಳುತ್ತದೆ.

ಇನ್ನು ಎರಡು ಜಾಗ ತಪ್ಪಿಸಿಕೊಳ್ಳುತ್ತವೆ. ಒಂದು, ಒಳಮುಖ. ಚಕ್ರ ಬಿಚ್ಚಿದಾಗ ಕಣ್ಣಿಗೆ ಬೀಳುವುದು ಹೊರಮುಖ ಮಾತ್ರ. ಮೊಬೈಲ್ ಕ್ಯಾಮೆರಾ ಹಿಂದೆ ಹಾಕಿ ವಿಡಿಯೋ ಮಾಡುತ್ತಾ ಡಿಸ್ಕ್ ಒಂದು ಸುತ್ತು ತಿರುಗಿಸಿ. ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಆಚೀಚೆ ಜಾರಲು ಇರುವ ಸ್ಲೈಡ್ ಪಿನ್ ಬಿಗಿದುಕೊಂಡಿದ್ದರೆ ಒಂದೇ ಮುಖ ಜಾಸ್ತಿ ಬಿಸಿಯಾಗಿ ಸವೆದಿರುತ್ತದೆ. ಹಾಗಿದ್ದರೆ ಪಿನ್ ಸರಿಮಾಡದೆ ಹೊಸ ಡಿಸ್ಕ್ ಹಾಕಿ ಪ್ರಯೋಜನ ಇಲ್ಲ. ಎರಡು, ಉಜ್ಜುವ ತಟ್ಟೆ ನಡುವಿನ ಟೋಪಿಗೆ ಸೇರುವ ಮೂಲೆ. ತಟ್ಟೆ ಕಾದು ಹಿಗ್ಗುತ್ತದೆ, ಟೋಪಿ ಅಷ್ಟು ಕಾಯುವುದಿಲ್ಲ, ಎಳೆದಾಟ ಎಲ್ಲ ಆ ಮೂಲೆಯಲ್ಲಿ. ಅಲ್ಲಿ ಕಂಡ ಬಿರುಕಿಗೆ ಮಾಫಿ ಇಲ್ಲ. ಅಲ್ಲಿ ಮುರಿದರೆ ಕ್ಯಾಲಿಪರ್ ತಟ್ಟೆಯನ್ನು ಹಿಡಿದಿರುತ್ತದೆ, ಚಕ್ರ ಮಾತ್ರ ತನ್ನ ಪಾಡಿಗೆ ತಿರುಗುತ್ತಾ ಹೋಗುತ್ತದೆ.

ಡಿಸ್ಕ್ ಹೇಗೂ ಬಿಚ್ಚಿದ್ದರೆ ಒಂದು ಬೆರಳಿಗೆ ತೂಗುಹಾಕಿ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ. ಸಂತೆಯಲ್ಲಿ ಮಡಕೆ ತಟ್ಟಿ ನೋಡಿ ಕೊಳ್ಳುವುದಿಲ್ಲವೇ, ಹಾಗೆ. ಒಳ್ಳೆಯದು ನಾದ ಕೊಡುತ್ತದೆ, ದೊಡ್ಡ ಬಿರುಕಿದ್ದರೆ ಬೊದ್ದು ಸದ್ದು ಬರುತ್ತದೆ. ಸಣ್ಣ ಬಿರುಕು ಇದಕ್ಕೆ ಸಿಗುವುದಿಲ್ಲ, ಹಾಗಾಗಿ ಇದನ್ನೇ ನಂಬಿಕೊಳ್ಳಬೇಡಿ. ಅನುಮಾನ ಇದ್ದೇ ಇದ್ದರೆ ಡೈ ಪೆನೆಟ್ರೆಂಟ್ ಬಳಸಿ. ಕೆಂಪು ಬಣ್ಣ ಹೊಡೆದು ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿನೊಳಗೆ ಉಳಿದ ಕೆಂಪು ಮೇಲೆ ಬಂದು ಗೆರೆ ಬರೆದಂತೆ ತೋರಿಸುತ್ತದೆ.

ನಡುಕ ಬಂದರೆ

ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ "ಡಿಸ್ಕ್ ಬೆಂಡ್ ಆಗಿದೆ" ಅನ್ನುವ ಮಾತು ಗ್ಯಾರೇಜ್‌ಗಳಲ್ಲಿ ಮಾಮೂಲು. ನಿಜವಾಗಿ ಬಗ್ಗಿರುವುದು ಅಪರೂಪ. ಹೆಚ್ಚಿನ ಸಲ ಪ್ಯಾಡ್‌ನ ವಸ್ತು ಡಿಸ್ಕ್ ಮೇಲೆ ಅಲ್ಲಲ್ಲಿ ಮೆತ್ತಿಕೊಂಡಿರುತ್ತದೆ, ಅಥವಾ ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗಿರುತ್ತದೆ. ನೂರನೇ ಎರಡು ಭಾಗ ಮಿಲಿಮೀಟರ್ ವ್ಯತ್ಯಾಸವೂ ಕಾಲಿಗೆ ಗೊತ್ತಾಗುತ್ತದೆ.

ಮೊದಲು ಡಿಸ್ಕ್ ತೆಗೆದು, ಅದು ಕೂರುವ ಹಬ್‌ನ ಮುಖ ವೈರ್ ಬ್ರಷ್‌ನಿಂದ ಚೊಕ್ಕ ಮಾಡಿ. ಅಲ್ಲಿ ಒಂದು ಚೂರು ತುಕ್ಕು ಸಿಕ್ಕಿದ್ದರೂ ಹೊರ ಅಂಚಿನಲ್ಲಿ ಅದು ದೊಡ್ಡ ಓಲಾಟವಾಗುತ್ತದೆ. ಮತ್ತೆ ಹಾಕಿ, ಚಕ್ರದ ಬೋಲ್ಟ್‌ಗಳಿಗೆ ವಾಷರ್ ಕೊಟ್ಟು ಸಮನಾಗಿ ಬಿಗಿದು, ಡಯಲ್ ಗೇಜ್ ಇಟ್ಟು ತಿರುಗಿಸಿ. ಎಷ್ಟೋ ಕಾರುಗಳಿಗೆ 0.05ರಿಂದ 0.1 ಮಿ.ಮೀ.ವರೆಗಿನ ಓಲಾಟ ಮಿತಿಯೊಳಗೆ ಬರುತ್ತದೆ, ನಿಮ್ಮ ಕಾರಿನ ಸಂಖ್ಯೆ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ.

ಮೆತ್ತಿಕೊಂಡ ಕಲೆಯನ್ನು ಗಾರ್ನೆಟ್ ಉಜ್ಜು ಕಾಗದದಿಂದ ಉಜ್ಜಿ ನೋಡಬಹುದು. ಕಲೆ ಗಾಢ ನೀಲಿ-ಕಪ್ಪಾಗಿ, ಉಜ್ಜಿದರೂ ಹೋಗದೆ, ಸುತ್ತಲಿಗಿಂತ ಉಬ್ಬಿ ಉಳಿದರೆ ಅದು ಸಿಮೆಂಟೈಟ್ ಇರಬಹುದು. 650–700 ಡಿಗ್ರಿ ಮುಟ್ಟಿದ ಕಡೆ ಕಬ್ಬಿಣದ ರಚನೆಯೇ ಬದಲಾಗಿ ಗಡುಸಾಗಿರುತ್ತದೆ. ಲೇತ್‌ಗೆ ಹಾಕಿಸಿ ಮೇಲ್ಮೈ ಕೆರೆಸಿದರೂ ಅದರ ಬುಡ ಒಳಗೆ ಉಳಿದುಕೊಂಡು ಸ್ವಲ್ಪ ದಿನಕ್ಕೆ ನಡುಕ ವಾಪಸ್ ಬರುತ್ತದೆ. ಅಂಥ ಡಿಸ್ಕ್ ತೆಗೆದುಬಿಡಿ.

ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಡಿಸ್ಕ್ ಮೇಲೆ ಅನುಮಾನ ಬೇಡ, ಬ್ರೇಕ್ ಆಯಿಲ್ ಕುದಿದಿರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿಗೆ. ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ತನ್ನ ಬಿಸಿಯ ಮಿತಿ ದಾಟಿದೆ.

ಬಣ್ಣ ಹೇಳುವುದು

ಡಿಸ್ಕ್ ಸ್ವಲ್ಪ ನೀಲಿಯಾದ ಮಾತ್ರಕ್ಕೆ ತೆಗೆಯಬೇಕಿಲ್ಲ. ಸುಮಾರು 300 ಡಿಗ್ರಿಗೇ ನೀಲಿ ಛಾಯೆ ಬರುತ್ತದೆ, ಟ್ರ್ಯಾಕ್‌ನಲ್ಲಿ ಅದು ಏನೂ ಅಲ್ಲ. ಬಿಸಿ ಎಷ್ಟು ಮುಟ್ಟುತ್ತಿದೆ ಅಂತ ಸರಿಯಾಗಿ ತಿಳಿಯಬೇಕಾದರೆ ಅಂಚಿಗೆ ಹಚ್ಚುವ ಉಷ್ಣ ಬಣ್ಣ ಸಿಗುತ್ತದೆ. ಸಾಮಾನ್ಯವಾಗಿ ಮೂರು ಬಣ್ಣ: ಹಸಿರು 430 ಡಿಗ್ರಿಗೆ ಬಿಳಿಯಾಗುತ್ತದೆ, ಕಿತ್ತಳೆ 560ಕ್ಕೆ ಹಳದಿ, ಕೆಂಪು 610ಕ್ಕೆ ಬಿಳಿ. ಕೆಂಪೂ ಬಿಳಿಯಾಗಿದ್ದರೆ ಡಿಸ್ಕ್ ಬದಲಾಯಿಸುವುದರ ಜೊತೆಗೆ ಬ್ರೇಕ್‌ಗೆ ಗಾಳಿ ತರುವ ಡಕ್ಟ್ ಹಾಕಿಸಿ, ಇಲ್ಲವೇ ಸೆಷನ್ ಚಿಕ್ಕದು ಮಾಡಿ.

ಲೇತ್‌ಗೆ ಹಾಕಿಸಲೋ, ಹೊಸದು ತರಲೋ

ಊರಲ್ಲಿ ಓಡುವ ಕಾರಿನ ಡಿಸ್ಕ್ ದಪ್ಪ ಸಾಕಷ್ಟಿದ್ದು, ಗೀರು ಮಾತ್ರ ಇದ್ದರೆ ಲೇತ್‌ಗೆ ಹಾಕಿಸುವುದು ತಪ್ಪಲ್ಲ. ಟ್ರ್ಯಾಕ್ ಕಾರಿಗೆ ನಾನು ಹಾಗೆ ಮಾಡುವುದಿಲ್ಲ. ಶಾಖ ಹಿಡಿಯಬೇಕಾದ ಕಬ್ಬಿಣವನ್ನೇ ದುಡ್ಡು ಕೊಟ್ಟು ಕೆರೆಸಿದಂತಾಗುತ್ತದೆ. ಬಿರುಕಿದ್ದರಂತೂ ಲೇತ್ ಅದರ ಬಾಯನ್ನು ಮಾತ್ರ ಮುಚ್ಚುತ್ತದೆ.

ಬದಲಾಯಿಸುವಾಗ ಒಂದು ಆಕ್ಸಲ್‌ನ ಎಡ-ಬಲ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಬೆಂಗಳೂರಿನವರಿಗೆ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆ ಇದ್ದೇ ಇದೆ, ಆದರೆ ಹೆಸರಾಂತ ಕಂಪನಿಯ ಸೀಲ್ ಮಾಡಿದ ಡಬ್ಬಿಯನ್ನೇ ತೆಗೆದುಕೊಳ್ಳಿ, ಅಂಗಡಿಯಲ್ಲೇ ಅಚ್ಚಿನ ಸಂಖ್ಯೆ ನೋಡಿ. ಗಾಳಿ ಕಿಂಡಿಯ ರೆಕ್ಕೆಗಳು ಬಾಗಿದ್ದರೆ ಎಡ-ಬಲ ಬೇರೆ ಇರುತ್ತದೆ. ಕಾರಿನ ಮೇಲೆ ಕೂರಿಸಿದಾಗ ಡಿಸ್ಕ್‌ನ ಮೇಲ್ಭಾಗದಲ್ಲಿ ರೆಕ್ಕೆಗಳು ಹೊರಗೆ ಹೋಗುತ್ತಾ ಕಾರಿನ ಹಿಂಬದಿಗೆ ವಾಲಿರಬೇಕು. ಮೇಲ್ಮೈ ಮೇಲಿನ ಕೊರೆದ ಗೆರೆ ನೋಡಿ ದಿಕ್ಕು ತೀರ್ಮಾನ ಮಾಡಬೇಡಿ, ಒಳಗಿನ ರೆಕ್ಕೆಯನ್ನೇ ನೋಡಿ.

ಹೊಸ ಡಿಸ್ಕ್ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ತೆಗೆಯಿರಿ. ಸಾಧ್ಯವಾದರೆ ಹೊಸ ಪ್ಯಾಡ್ ಹಾಕಿ. ಹಳೆಯದನ್ನೇ ಹಾಕುವುದಾದರೆ ಚಪ್ಪಟೆ ಜಾಗದಲ್ಲಿ ಉಜ್ಜು ಕಾಗದ ಇಟ್ಟು ಅದರ ಮುಖ ಸಮ ಮಾಡಿಕೊಳ್ಳಿ. ಚಕ್ರದ ಬೋಲ್ಟ್‌ಗಳನ್ನು ನಕ್ಷತ್ರದ ಆಕಾರದಲ್ಲಿ ಎದುರುಬದುರು, ಟಾರ್ಕ್ ರೆಂಚ್‌ನಿಂದಲೇ ಬಿಗಿಯಿರಿ.

ಆಮೇಲೆ ಪ್ಯಾಡನ್ನು ಹೊಸ ಡಿಸ್ಕ್‌ಗೆ ಒಗ್ಗಿಸುವುದು. ಪ್ಯಾಡ್ ಡಬ್ಬಿಯ ಮೇಲೆ ಕಂಪನಿ ಹೇಳಿದ ವಿಧಾನ ಇದ್ದರೆ ಅದನ್ನೇ ಮಾಡಿ. ಇಲ್ಲದಿದ್ದರೆ ಖಾಲಿ ಜಾಗದಲ್ಲಿ ಗಂಟೆಗೆ 100 ಕಿ.ಮೀ. ವೇಗದಿಂದ 30ಕ್ಕೆ ಎಂಟು-ಹತ್ತು ಸಲ, ಮೊದಲು ಮೆಲ್ಲಗೆ, ಬರಬರುತ್ತಾ ಜೋರಾಗಿ ಇಳಿಸಿ. ಪೂರ್ತಿ ನಿಲ್ಲಿಸಬೇಡಿ, ನಿಂತ ಜಾಗದಲ್ಲಿ ಪ್ಯಾಡ್‌ನ ಅಚ್ಚು ಬೀಳುತ್ತದೆ. ಕೊನೆಗೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ಆರಿಸಿ. ಟ್ರ್ಯಾಕ್‌ನಲ್ಲೂ ಇದೇ ಮಾತು: ಕೊನೆಯ ಸುತ್ತು ನಿಧಾನವಾಗಿ ಬನ್ನಿ, ಪ್ಯಾಡಾಕ್‌ನಲ್ಲಿ ಹ್ಯಾಂಡ್ ಬ್ರೇಕ್ ಎಳೆಯದೆ ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಮನೆಗೆ ಬಂದು, ಡಿಸ್ಕ್ ಆರಿದ ಮೇಲೆ, ಎಂಟು ಜಾಗದಲ್ಲಿ ಅಳೆದು ನೋಟ್‌ಬುಕ್‌ನ ಹೊಸ ಪುಟದ ಮೊದಲ ಸಾಲಿನಲ್ಲಿ ಬರೆಯಿರಿ. ಪಕ್ಕದಲ್ಲಿ ಡಿಸ್ಕ್ ಮೇಲಿನ ಕನಿಷ್ಠ ಸಂಖ್ಯೆ, ಹಾಕಿದ ದಿನಾಂಕ, ಎಡ ಯಾವುದು ಬಲ ಯಾವುದು.